ಯಾವುದರ ಅಧ್ಯಯನ ಹೆಚ್ಚು, ಯಾವುದರದು ಕಡಿಮೆ? ಸಂಶೋಧನೆಯ ಲೆಕ್ಕವನ್ನು ಓದುವ ಬಗೆ

ಮಲೆನಾಡಿನ ಅನೇಕ ಹಿಡುವಳಿಗಳಲ್ಲಿ ಕಾಫಿಯೂ ಅಡಿಕೆಯೂ ಒಂದೇ ಬೇಲಿಯೊಳಗೆ ಬೆಳೆಯುತ್ತವೆ. ಗುಡ್ಡದ ಇಳಿಜಾರಿನಲ್ಲಿ ಕಾಫಿ, ಕೆಳಗಿನ ತಗ್ಗಿನಲ್ಲಿ ಅಡಿಕೆ. ಎರಡಕ್ಕೂ ಬೀಳುವ ಮಳೆ ಒಂದೇ. ಮನೆಯ ಖರ್ಚು ನಡೆಯುವುದೂ ಎರಡರಿಂದಲೇ. ಆದರೆ ಪ್ರಪಂಚದ ವೈಜ್ಞಾನಿಕ ಪತ್ರಿಕೆಗಳಲ್ಲಿ ಈ ಎರಡು ಬೆಳೆಗಳಿಗಿರುವ ಸ್ಥಾನ ಸಮನಾದುದಲ್ಲ. ಕಾಫಿಯನ್ನು ಕುರಿತು ಪ್ರಕಟವಾಗುವ ಲೇಖನಗಳು ಅಡಿಕೆಯನ್ನು ಕುರಿತವುಗಳಿಗಿಂತ ಅನೇಕ ಪಟ್ಟು ಹೆಚ್ಚು. ಕಾಫಿಗೆ ಏನಾದರೂ ಬಂದರೆ ಹತ್ತು ಕಡೆಯಿಂದ ಉತ್ತರ ಬರುತ್ತದೆ, ಅಡಿಕೆಗೆ ಬಂದರೆ ಇನ್ನೂ ಅಧ್ಯಯನ ನಡೆಯಬೇಕಾಗಿದೆ ಎಂಬ ಒಂದೇ ಉತ್ತರ ಬರುತ್ತದೆ ಎಂದು ಬೆಳೆಗಾರರು ಹೇಳುವುದರಲ್ಲಿ ಸತ್ಯಾಂಶ ಇಲ್ಲದಿಲ್ಲ.

ಈ ಅಸಮತೆಯಿಂದ ಎರಡು ತಪ್ಪು ತೀರ್ಮಾನಗಳು ಹುಟ್ಟುತ್ತವೆ. ಹೆಚ್ಚು ಅಧ್ಯಯನವಾದದ್ದೇ ಹೆಚ್ಚು ಮುಖ್ಯವಾದದ್ದು ಎಂಬುದು ಮೊದಲನೆಯದು. ಅಧ್ಯಯನ ಕಡಿಮೆ ಇದ್ದರೆ ದೋಷವೂ ಇಲ್ಲ, ಗುಣವೂ ಇಲ್ಲ ಎಂಬುದು ಎರಡನೆಯದು. ಇವೆರಡೂ ಬೆಳೆಗಾರನಿಗೆ ನಷ್ಟ ತರತಕ್ಕವು. ಯಾವ ಜೀವಿಯ ಮೇಲೆ, ಯಾವ ವಸ್ತುವಿನ ಮೇಲೆ ಎಷ್ಟು ಅಧ್ಯಯನ ನಡೆದಿದೆ ಎಂಬ ಲೆಕ್ಕವನ್ನು ಹೇಗೆ ಓದಬೇಕು ಎಂಬುದನ್ನು ನಮ್ಮ ತೋಟದ ಉದಾಹರಣೆಗಳಿಂದಲೇ ಈ ಪಾಠದಲ್ಲಿ ವಿವರಿಸುತ್ತೇವೆ.

ಎಣಿಕೆ ಎಂದರೆ ಏನು?

ಒಬ್ಬ ಬೆಳೆಗಾರನಿಗೆ ಎರಡು ತುಂಡು ತೋಟಗಳಿವೆ ಎಂದು ಇಟ್ಟುಕೊಳ್ಳೋಣ. ಒಂದು ಮನೆಯ ಹಿತ್ತಲಿಗೆ ತಾಗಿದೆ. ಇನ್ನೊಂದು ಹಳ್ಳ ದಾಟಿ ಹೋಗಬೇಕಾದದ್ದು. ಹಿತ್ತಲಿನ ತೋಟವನ್ನು ಆತ ದಿನವೂ ನೋಡುತ್ತಾನೆ, ಹಳ್ಳದಾಚೆಯದನ್ನು ತಿಂಗಳಿಗೊಮ್ಮೆ. ವರ್ಷದ ಕೊನೆಗೆ ಆತನ ಪುಸ್ತಕದಲ್ಲಿ ಹಿತ್ತಲಿನ ತೋಟದ ರೋಗದ ಸುದ್ದಿಯೇ ಹೆಚ್ಚಾಗಿರುತ್ತದೆ. ಹಾಗೆಂದ ಮಾತ್ರಕ್ಕೆ ರೋಗ ಅಲ್ಲಿಯೇ ಹೆಚ್ಚು ಎಂದು ಹೇಳಬಹುದೇ? ಹೇಳಲಾಗದು. ಆತನ ಪುಸ್ತಕ ರೋಗದ ಪ್ರಮಾಣವನ್ನು ಅಳೆದದ್ದಕ್ಕಿಂತ ಹೆಚ್ಚಾಗಿ ಆತನ ಕಾಲ್ನಡಿಗೆಯನ್ನು ಅಳೆದಿದೆ.

ವಿಜ್ಞಾನದ ಪತ್ರಿಕೆಗಳ ಎಣಿಕೆಯೂ ಹೀಗೆಯೇ. ಒಂದು ಕೀಟದ ಮೇಲೆ ಇಷ್ಟು ಲೇಖನ, ಇನ್ನೊಂದರ ಮೇಲೆ ಅಷ್ಟು ಲೇಖನ ಎಂದಾಗ, ವಿಜ್ಞಾನಿಗಳು ಎಲ್ಲಿಗೆ ಎಷ್ಟು ಸಲ ಹೋಗಿ ನೋಡಿದರು ಎಂಬುದು ಮೊದಲು ತಿಳಿಯುತ್ತದೆ. ಕೀಟದ ಹಾವಳಿ ಎಷ್ಟು ಎಂಬುದನ್ನು ತಿಳಿಯಲು ಬೇರೆ ಅಳತೆ ಬೇಕು.

ಅಲ್ಲದೆ, ಬರೀ ಮೊತ್ತವನ್ನು ನೋಡಿದರೆ ಸಾಲದು. ಅದನ್ನು ಯಾವುದರಿಂದ ಭಾಗಿಸಬೇಕು ಎಂಬುದನ್ನೂ ಕೇಳಬೇಕು. ಲೆಕ್ಕ ಕಲಿಯುವ ಸಲುವಾಗಿ ಕಲ್ಪಿಸಿಕೊಂಡ ಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಒಂದು ಕೀಟದ ಮೇಲೆ 200 ಲೇಖನಗಳಿವೆ. ಅದು 40 ದೇಶಗಳಲ್ಲಿದೆ. ಇನ್ನೊಂದರ ಮೇಲೆ 20 ಲೇಖನಗಳಿವೆ. ಅದು 2 ದೇಶಗಳಲ್ಲಿ ಮಾತ್ರ ಇದೆ. ಮೊತ್ತದಲ್ಲಿ ಮೊದಲನೆಯದು ಹತ್ತು ಪಟ್ಟು ಹೆಚ್ಚು. ಆದರೆ ದೇಶವೊಂದಕ್ಕೆ ಹಂಚಿದರೆ ಮೊದಲನೆಯದಕ್ಕೆ 5, ಎರಡನೆಯದಕ್ಕೆ 10. ಎಂದರೆ ಎರಡನೆಯ ಕೀಟ ಇರುವ ದೇಶದವರು ತಮ್ಮ ಪಾಲಿನ ಕೆಲಸವನ್ನು ಇಮ್ಮಡಿಯಾಗಿಯೇ ಮಾಡಿದ್ದಾರೆ. ಮೊತ್ತವನ್ನು ಮಾತ್ರ ಓದಿದವರಿಗೆ ಇದು ಕಾಣುವುದಿಲ್ಲ.

ಹೆಸರಿನ ತೊಡಕು

ಎಣಿಕೆಗೆ ತೊಡಗುವ ಮುನ್ನ, ನಾವು ಎಣಿಸುತ್ತಿರುವುದು ಯಾವುದನ್ನು ಎಂಬುದು ಖಚಿತವಾಗಬೇಕು. ಇದರಲ್ಲಿ ನಮ್ಮ ಬೆಳೆಗಳಿಗಿರುವಷ್ಟು ತೊಡಕು ಬೇರೆ ಬೆಳೆಗಳಿಗೆ ಅಪರೂಪ.

‘ಕೊಳೆರೋಗ’ ಎಂಬ ನಮ್ಮ ಕನ್ನಡ ಶಬ್ದವನ್ನೇ ತೆಗೆದುಕೊಳ್ಳಿ. ಅಡಿಕೆ ತೋಟದವರಿಗೆ ಕೊಳೆರೋಗವೆಂದರೆ ಮುಂಗಾರಿನಲ್ಲಿ ಎಳೆಕಾಯಿ ಕೊಳೆತು ಉದುರುವ ರೋಗ. ಆದರೆ 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ಶಾಸ್ತ್ರಜ್ಞ ಎಂ. ಸಿ. ಕುಕ್ ಅವರು ಮೈಸೂರಿನ ಕಾಫಿ ಗಿಡಗಳಲ್ಲಿ ಎಲೆ ಕಪ್ಪಾಗಿ ನೂಲಿನಲ್ಲಿ ಜೋತಾಡುವಂತೆ ಮಾಡುವ ಶಿಲೀಂಧ್ರಕ್ಕೆ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟರು. ಅಲ್ಲಿಂದ ಮುಂದೆ ಪ್ರಪಂಚದ ಕಾಫಿ ಪುಸ್ತಕಗಳಲ್ಲಿ ಈ ಶಬ್ದ ಕಾಫಿಯ ರೋಗಕ್ಕೇ ನಿಂತಿತು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದದ್ದು ಫೈಟೊಫ್ತೊರ ಎಂಬ ಪೂರಾ ಬೇರೆ ಕುಲದ ಜೀವಿ. ಹೆಸರನ್ನು ಮಾತ್ರ ನೋಡಿ ಎಣಿಸುವವನು ಎರಡು ರೋಗಗಳನ್ನು ಒಂದೇ ರಾಶಿಗೆ ಹಾಕುತ್ತಾನೆ.

ಒಂದೇ ಜೀವಿಗೆ ಹಲವು ಹೆಸರಿರುವುದು ಇದಕ್ಕೆ ವಿರುದ್ಧವಾದ ತೊಡಕು. ಕಾಫಿಯ ಆ ಶಿಲೀಂಧ್ರವನ್ನು ಮುಂದೆ ಕೊರ್ಟೀಸಿಯಂ, ಸೆರಟೊಬೇಸಿಡಿಯಂ ಎಂಬ ಕುಲಗಳಿಗೂ ಸೇರಿಸಲಾಯಿತು. ಅಡಿಕೆಯ ಫೈಟೊಫ್ತೊರಕ್ಕೆ ‘ಅರೇಕೆ’ ಎಂಬ ಪ್ರತ್ಯೇಕ ಜಾತಿಯ ಹೆಸರಿತ್ತು. ಅದು ‘ಪಾಮಿವೋರ’ ಎಂಬ ಜಾತಿಯೇ ಹೊರತು ಬೇರೆಯಲ್ಲವೆಂದು ಆಮೇಲೆ ಹೇಳಲಾಯಿತು. ರಬ್ಬರ್ ಮರದಿಂದ ಮೊದಲು ವರ್ಣಿಸಲ್ಪಟ್ಟ ‘ಮೀಡಿಯೈ’ ಎಂಬ ಜಾತಿಯೂ ನಮ್ಮ ಅಡಿಕೆಯ ಕೊಳೆತ ಕಾಯಿಗಳಲ್ಲಿ ಕಂಡುಬಂದಿದೆ. ಒಂದೇ ಹೆಸರಿನಲ್ಲಿ ಹುಡುಕಿದರೆ ಉಳಿದ ಹೆಸರುಗಳ ಅಡಿಯಲ್ಲಿರುವ ಕೆಲಸವೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಅಡಿಕೆಯ ಹೆಸರಿನದೂ ಇದೇ ಕಥೆ. ಶಾಸ್ತ್ರೀಯ ನಾಮ ಅರೇಕಾ ಕಟೇಚು. ಆದರೆ ‘ಕಟೇಚು’ ಎಂಬ ಶಬ್ದ ಕಾಚಿನ ಮರದ ಹೆಸರಿನಲ್ಲಿಯೂ ಉಂಟು. ಇಂಗ್ಲಿಷಿನಲ್ಲಿ ಅಡಿಕೆಯನ್ನು ‘ಬೀಟಲ್ ನಟ್’ ಎನ್ನುತ್ತಾರೆ. ‘ಬೀಟಲ್’ ಎಂದರೆ ವೀಳ್ಯದೆಲೆ. ಹೀಗಾಗಿ ಎಲೆಯ ಮೇಲಿನ ಅಧ್ಯಯನವೂ ಅಡಿಕೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಇನ್ನು ‘ಅರೇಕಾ ಪಾಮ್’ ಎಂದರೆ ಪಟ್ಟಣದವರು ಕುಂಡದಲ್ಲಿ ಬೆಳೆಸುವ ಅಲಂಕಾರದ ಗಿಡ. ಅದರ ಮೂಲ ಮಡಗಾಸ್ಕರ್, ಅದು ಅಡಿಕೆಯೇ ಅಲ್ಲ. ‘ಅರೇಕಾ ಪಾಮ್ ಕೋಣೆಯ ಗಾಳಿ ಶುದ್ಧಿ ಮಾಡುತ್ತದೆ’ ಎಂಬ ಸುದ್ದಿಯನ್ನು ಓದಿ ನಮ್ಮ ಅಡಿಕೆಯ ಹಿರಿಮೆ ಎಂದು ತಿಳಿಯಬಾರದು.

ರೋಗಲಕ್ಷಣ ಒಂದೇ ಆದರೂ ಕಾರಣ ಬೇರೆಯಾಗಬಹುದು ಎಂಬುದೂ ಗಮನಾರ್ಹ. ಅಡಿಕೆಯ ಹಳದಿ ಎಲೆ ರೋಗ ಕೇರಳದಲ್ಲಿ 1914ರಷ್ಟು ಹಿಂದೆಯೇ ವರದಿಯಾದದ್ದು. ನಮ್ಮ ದೇಶದಲ್ಲಿ ಇದಕ್ಕೆ ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯ ಸಂಬಂಧವನ್ನು ಹೇಳಲಾಗಿದೆ. ಚೀನಾದ ಹೈನಾನ್ ದ್ವೀಪದಲ್ಲಿ ಅದೇ ಬಗೆಯ ಹಳದಿ ರೋಗದ ಮರಗಳಲ್ಲಿ ಒಂದು ವೈರಸ್ ಕೂಡ ಪತ್ತೆಯಾಗಿದೆ. ಆದ್ದರಿಂದ ಹೈನಾನಿನ ಫಲಿತಾಂಶವನ್ನು ಪರೀಕ್ಷಿಸದೆ ಶೃಂಗೇರಿಗೋ ಸುಳ್ಯಕ್ಕೋ ಅನ್ವಯಿಸುವುದು ಸರಿಯಲ್ಲ.

ಕೆಲವಕ್ಕೆ ಮಾತ್ರ ಅಧ್ಯಯನ ಹೆಚ್ಚು ಏಕೆ?

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಸೌಕರ್ಯ. ಜೀವಶಾಸ್ತ್ರದಲ್ಲಿ ಅತ್ಯಂತ ಹೆಚ್ಚು ಅಧ್ಯಯನವಾದ ಕೀಟಗಳಲ್ಲಿ ಒಂದು ಹಣ್ಣಿನ ಮೇಲೆ ಕೂರುವ ಸಣ್ಣ ನೊಣ, ಡ್ರೊಸೊಫಿಲ. ಅದರಿಂದ ಲೋಕಕ್ಕೆ ದೊಡ್ಡ ನಷ್ಟವಿದೆ ಎಂದಲ್ಲ. ಸೀಸೆಯಲ್ಲಿ ಸಾಕಬಹುದು, ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ ಸಾಕು. ಇದನ್ನೇ ಸಾಕಿಕೊಂಡು ಅನುವಂಶೀಯತೆಯ ನಿಯಮಗಳನ್ನು ಶೋಧಿಸಿದ ಟಿ. ಎಚ್. ಮಾರ್ಗನ್ ಅವರಿಗೆ 1933ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಸಸ್ಯಗಳಲ್ಲಿ ಈ ಸ್ಥಾನ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಗೆ ಸೇರಿದ ಒಂದು ಸಣ್ಣ ಕಳೆಯದು. ಅದನ್ನು ಯಾರೂ ತಿನ್ನುವುದಿಲ್ಲ, ಮಾರುವುದಿಲ್ಲ. ಆದರೆ ಬೀಜದಿಂದ ಬೀಜಕ್ಕೆ ಆರೇಳು ವಾರ ಸಾಕು. ಆನುವಂಶಿಕ ಬರಹವನ್ನು ಪೂರ್ತಿ ಓದಲ್ಪಟ್ಟ ಮೊದಲ ಸಸ್ಯ ಅದೇ, 2000ದಲ್ಲಿ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯಬೇಕಾದ ಅಡಿಕೆ ಮರದ ಮೇಲೆ ಪ್ರಯೋಗ ಮಾಡುವ ವಿಜ್ಞಾನಿಯ ಕಷ್ಟವನ್ನು ಇದರಿಂದ ಊಹಿಸಬಹುದು.

ಕಾಫಿಯೊಳಗೂ ಸೌಕರ್ಯದ ಪ್ರಭಾವ ಕಾಣುತ್ತದೆ. ಬೆಲೆಯಲ್ಲಿ ಅರಾಬಿಕ ಮುಂದಿದ್ದರೂ, ಆನುವಂಶಿಕ ಬರಹವನ್ನು ಮೊದಲು ಓದಿದ್ದು ರೊಬಸ್ಟವನ್ನು, 2014ರಲ್ಲಿ. ರೊಬಸ್ಟದ ವರ್ಣತಂತುಗಳು 22, ಅರಾಬಿಕದ್ದು 44. ಎರಡು ಜಾತಿಗಳು ಕೂಡಿ ಹುಟ್ಟಿದ ಅರಾಬಿಕದ ಬರಹ ಜಟಿಲವಾದದ್ದು. ಅದರ ಸವಿಸ್ತಾರ ವರದಿ 2024ರಲ್ಲಿ ಪ್ರಕಟವಾಯಿತು.

ಎರಡನೆಯ ಕಾರಣ ಹಣ ಮತ್ತು ಹರವು. ಕಾಫಿ 50ಕ್ಕೂ ಹೆಚ್ಚು ದೇಶಗಳ ಬೆಳೆ. ಅದನ್ನು ಕುಡಿಯುವವರು ಶ್ರೀಮಂತ ದೇಶಗಳಲ್ಲಿ ಹೆಚ್ಚಾಗಿದ್ದಾರೆ. 1963ರಿಂದ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಇದೆ. ಅಡಿಕೆ ಬೆಳೆಯುವುದು ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೊನೇಷ್ಯ, ಚೀನಾ, ಶ್ರೀಲಂಕಾ, ತೈವಾನ್ ಮುಂತಾದ ಕೆಲವೇ ನಾಡುಗಳಲ್ಲಿ. ನಮ್ಮಲ್ಲಿಯೂ ಕಾಫಿಯ ಸಂಶೋಧನೆಗೆ ಬಾಳೆಹೊನ್ನೂರಿನ ಬಳಿ 1925ರಲ್ಲಿ ಕೇಂದ್ರ ಸ್ಥಾಪನೆಯಾಯಿತು. ಅಡಿಕೆಗೆ ವಿಟ್ಲದ ಕೇಂದ್ರ ಬಂದದ್ದು 1956ರಲ್ಲಿ. ನಡುವೆ 31 ವರ್ಷಗಳ ಅಂತರ. 1970ರಿಂದ ವಿಟ್ಲದ ಕೇಂದ್ರವು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂಗವಾಗಿದೆ. ಅಲ್ಲಿ ತೆಂಗು, ಕೋಕೋಗಳ ಜೊತೆ ಅಡಿಕೆ ಪಾಲು ಹಂಚಿಕೊಳ್ಳಬೇಕಾಗಿದೆ.

ಮೂರನೆಯ ಕಾರಣ ರೂಢಿ. ಒಂದರ ಮೇಲೆ ಹತ್ತು ಮಂದಿ ಬರೆದಿದ್ದರೆ ಹನ್ನೊಂದನೆಯವನಿಗೆ ದಾರಿ ಸುಲಭ. ಸಾಧನಗಳು ಸಿದ್ಧವಿರುತ್ತವೆ, ಹೋಲಿಸಿ ನೋಡಲು ಹಳೆಯ ಫಲಿತಾಂಶಗಳಿರುತ್ತವೆ. ಯಾರೂ ಮುಟ್ಟದ ವಿಷಯಕ್ಕೆ ಕೈಹಾಕುವವನು ಎಲ್ಲವನ್ನೂ ತಾನೇ ಮೊದಲಿನಿಂದ ಕಟ್ಟಬೇಕು.

ಎರಡು ಕೊರಕಗಳ ಹೋಲಿಕೆ

ಈ ಮೂರೂ ಕಾರಣಗಳು ಒಟ್ಟಾಗಿ ಕೆಲಸ ಮಾಡುವುದನ್ನು ಕಾಫಿಯ ಎರಡು ಕೀಟಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಕಾಯಿಕೊರಕ ಕಾಫಿ ಬೆಳೆಯುವ ಬಹುತೇಕ ಎಲ್ಲ ದೇಶಗಳಲ್ಲಿದೆ. ಭಾರತದಲ್ಲಿ ಅದು ಮೊದಲು ಕಂಡುಬಂದದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅದರ ಒಂದು ತಲೆಮಾರು ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಪ್ರಯೋಗಶಾಲೆಯಲ್ಲಿ ಕೃತಕ ಆಹಾರದ ಮೇಲೂ ಸಾಕಬಹುದು. ಬಿಳಿ ಕಾಂಡಕೊರಕವಾದರೋ ಏಷ್ಯಾದ ಕೆಲವು ಭಾಗಗಳಿಗೆ ಸೀಮಿತ. ಅದರ ಮರಿಹುಳು ತಿಂಗಳುಗಟ್ಟಲೆ ಕಾಂಡದೊಳಗೇ ಇದ್ದು ಕೊರೆಯುತ್ತದೆ. ಹೊರಗಿನಿಂದ ನೋಡಿದವನಿಗೆ ಗಿಡ ಬಾಡಿದ ಮೇಲೆಯೇ ಗೊತ್ತಾಗುವುದು.

ಆದುದರಿಂದ ಪ್ರಪಂಚದ ಪತ್ರಿಕೆಗಳಲ್ಲಿ ಕಾಯಿಕೊರಕದ ಮೇಲಿನ ಲೇಖನಗಳು ಬಹಳ ಹೆಚ್ಚು. ಆದರೆ ಚಿಕ್ಕಮಗಳೂರು, ಕೊಡಗು, ಹಾಸನಗಳ ಅರಾಬಿಕ ಬೆಳೆಗಾರನನ್ನು ಕೇಳಿದರೆ ಆತ ಹೆಚ್ಚು ಹೆದರುವುದು ಕಾಂಡಕೊರಕಕ್ಕೆ. ಕಾಯಿಕೊರಕದಿಂದ ಆ ವರ್ಷದ ಫಸಲು ಕೆಡುತ್ತದೆ. ಕಾಂಡಕೊರಕದಿಂದ ಗಿಡವನ್ನೇ ಕಿತ್ತು ಸುಡಬೇಕಾಗುತ್ತದೆ, ಹೊಸ ಗಿಡ ಫಸಲಿಗೆ ಬರುವವರೆಗೆ ವರ್ಷಗಳು ಕಳೆಯುತ್ತವೆ. ಪ್ರಪಂಚದ ಎಣಿಕೆಯನ್ನು ನಂಬಿ ತನ್ನ ತೋಟದ ಆದ್ಯತೆಯನ್ನು ನಿರ್ಧರಿಸುವವನು ಅರಾಬಿಕ ತೋಟದಲ್ಲಿ ದೊಡ್ಡ ಬೆಲೆ ತೆರುತ್ತಾನೆ.

ಎರವಲು ತಂದ ಜ್ಞಾನ

ಹೆಚ್ಚು ಅಧ್ಯಯನವಾದ ಜೀವಿಯಿಂದ ಕಡಿಮೆ ಅಧ್ಯಯನವಾದದ್ದಕ್ಕೆ ಪ್ರಯೋಜನವೇ ಇಲ್ಲವೆಂದು ಇದರ ಅರ್ಥವಲ್ಲ. ಅಡಿಕೆಯ ಕೊಳೆರೋಗದ ಇತಿಹಾಸವೇ ಇದಕ್ಕೆ ಸಾಕ್ಷಿ.

ಐರ್ಲೆಂಡಿನಲ್ಲಿ 1845ರಿಂದ ಆಲೂಗೆಡ್ಡೆಯ ಬೆಳೆ ಕೊಳೆತು ಭೀಕರ ಕ್ಷಾಮ ಬಂದಿತು. ಅಂದಿನಿಂದ ಯೂರೋಪಿನ ಶಾಸ್ತ್ರಜ್ಞರು ಆ ರೋಗದ ಬೆನ್ನುಹತ್ತಿದರು. 1876ರಲ್ಲಿ ಜರ್ಮನಿಯ ಡಿ ಬಾರಿ ಅವರು ಅದರ ಕಾರಣ ಜೀವಿಗೆ ಫೈಟೊಫ್ತೊರ ಎಂದು ಹೆಸರಿಟ್ಟರು. ಇತ್ತ ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿಯ ಬೂಜು ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ ಉಪಯುಕ್ತವೆಂದು 1885ರಲ್ಲಿ ಮಿಲಾರ್ಡೆ ಅವರು ಪ್ರಕಟಿಸಿದರು. ಇವೆರಡರಲ್ಲಿಯೂ ಅಡಿಕೆಯ ಸುದ್ದಿಯೇ ಇಲ್ಲ.

1908ರಲ್ಲಿ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆತ ಕಾಯಿಗಳನ್ನು ಪರೀಕ್ಷಿಸಿ, ಇದು ಆಲೂಗೆಡ್ಡೆಯ ಶತ್ರುವಿನ ಕುಲಕ್ಕೆ ಸೇರಿದ್ದೆಂದು ಗುರುತಿಸಿದರು. 1910ರಲ್ಲಿ ಅವರ ವರದಿ ಪ್ರಕಟವಾಯಿತು. ಕುಲ ತಿಳಿದೊಡನೆ ಔಷಧದ ದಾರಿಯೂ ತೆರೆಯಿತು. ಅಲ್ಲಿಯವರೆಗೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ಬೆಳೆಗಾರರಿಗೆ ಬೋರ್ಡೋ ದ್ರಾವಣದ ಸಿಂಪರಣೆ ದೊರೆಯಿತು. ಶೇಕಡ 1ರ ಅದೇ ದ್ರಾವಣವನ್ನು, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣದಂತೆ, ನಾವು ಇಂದಿಗೂ ಹೊಡೆಯುತ್ತಿದ್ದೇವೆ.

ಆದರೆ ಎರವಲಿನ ಮಿತಿಯನ್ನೂ ಇಲ್ಲಿಯೇ ಕಾಣಬೇಕು. ದ್ರಾಕ್ಷಿ ಬಳ್ಳಿ ಆಳೆತ್ತರದ್ದು. ಅಡಿಕೆ ಮರ ಐವತ್ತು ಅಡಿಗೂ ಮೇಲೆ ಹೋಗತಕ್ಕದ್ದು. ಫ್ರಾನ್ಸಿನ ಮಳೆಯೇ ಬೇರೆ, ಆಗುಂಬೆಯ ಮಳೆಯೇ ಬೇರೆ. ಮುಂಗಾರು ಹಿಡಿಯುವ ಮುನ್ನ ಒಂದು ಸಲ, 40ರಿಂದ 45 ದಿನಗಳ ನಂತರ ಇನ್ನೊಂದು ಸಲ ಎಂಬ ಕ್ರಮ, ಅಂಟುದ್ರವ್ಯ ಸೇರಿಸಬೇಕೆಂಬ ತಿಳಿವಳಿಕೆ, ಇವೆಲ್ಲ ನಮ್ಮ ತೋಟಗಳಲ್ಲಿ ನಡೆದ ಪರೀಕ್ಷೆಗಳಿಂದ ಬಂದವು. ದೊಡ್ಡ ಬೆಳೆಯ ಜ್ಞಾನ ಬಾಗಿಲವರೆಗೆ ಕರೆತರುತ್ತದೆ. ಒಳಗೆ ಹೋಗಿ ನೋಡುವ ಕೆಲಸ ನಮ್ಮದೇ.

ಮೂಲೆಗೆ ಬಿದ್ದ ಜಾತಿಗಳ ಬೆಲೆ

2019ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಂತೆ ಕಾಫಿಯ ಕುಲದಲ್ಲಿ 124 ಜಾತಿಗಳು ತಿಳಿದಿದ್ದವು. ಅವುಗಳಲ್ಲಿ ಶೇಕಡ 60ರಷ್ಟು ಅಳಿವಿನ ಅಂಚಿನಲ್ಲಿದ್ದವು. ಪ್ರಪಂಚದ ವ್ಯಾಪಾರವೂ ಸಂಶೋಧನೆಯೂ ಬಹುಮಟ್ಟಿಗೆ ಅರಾಬಿಕ, ರೊಬಸ್ಟ ಎಂಬ ಎರಡರ ಸುತ್ತಲೇ ತಿರುಗುತ್ತವೆ. ಉಳಿದವು ನಿಷ್ಪ್ರಯೋಜಕವೇ?

ನಮ್ಮ ಹಳೆಯ ತೋಟಗಳಲ್ಲೆಲ್ಲ ಇರುವ ಎಸ್. 795 ತಳಿಯ ವಂಶವನ್ನು ನೋಡಿ. ಬಾಳೆಹೊನ್ನೂರಿನಲ್ಲಿ ಎಸ್. 288 ಮತ್ತು ಕೆಂಟ್ಸ್ ತಳಿಗಳ ಸಂಕರದಿಂದ ಬಂದ ಇದು 1940ರ ದಶಕದಲ್ಲಿ ಬೆಳೆಗಾರರ ಕೈ ಸೇರಿತು. ಎಸ್. 288ರ ತಾಯಿ ಎಸ್. 26; ಅದು ಅರಾಬಿಕ ಮತ್ತು ಲಿಬೆರಿಕ ಕಾಫಿಗಳು ತಾವಾಗಿಯೇ ಕೂಡಿ ಹುಟ್ಟಿದ ಗಿಡ. ಎಲೆತುಕ್ಕು ರೋಗವನ್ನು ತಡೆಯುವ ಗುಣ ಬಂದದ್ದು ಲಿಬೆರಿಕದಿಂದ. ಮರದಂತೆ ಬೆಳೆಯುವ, ಹೆಚ್ಚು ಬೇಡಿಕೆಯಿಲ್ಲದ, ಅಧ್ಯಯನವೂ ಕಡಿಮೆಯಿರುವ ಆ ಲಿಬೆರಿಕವು ನಮ್ಮ ಎಷ್ಟೋ ಮನೆತನಗಳ ತೋಟವನ್ನು ಉಳಿಸಿತು. ಮುಂದೆ ತುಕ್ಕಿನ ಹೊಸ ಬಗೆಗಳು ಬಂದು ಈ ತಳಿಯನ್ನೂ ಹಿಡಿದವು ಎಂಬುದು ನಿಜವೇ. ಎಲೆತುಕ್ಕಿನಲ್ಲಿ ಇಂಥ ಬೇರೆ ಬೇರೆ ಬಗೆಗಳಿವೆ ಎಂಬುದನ್ನು 1932ರಲ್ಲಿ ಪ್ರಕಟಿಸಿದವರೂ ಬಾಳೆಹೊನ್ನೂರಿನಲ್ಲಿ ಕೆಲಸ ಮಾಡುತ್ತಿದ್ದ ಡಬ್ಲ್ಯು. ಡಬ್ಲ್ಯು. ಮೇನ್ ಅವರೇ.

ಇನ್ನೊಂದು ಉದಾಹರಣೆ ಆಫ್ರಿಕದ್ದು. ಸ್ಟೆನೊಫಿಲ್ಲ ಎಂಬ ಕಾಫಿ ಜಾತಿಯನ್ನು 1834ರಲ್ಲಿಯೇ ವರ್ಣಿಸಲಾಗಿತ್ತು. ಪಶ್ಚಿಮ ಆಫ್ರಿಕದಲ್ಲಿ ಸ್ವಲ್ಪ ಬೆಳೆದು, ರೊಬಸ್ಟದ ಮುಂದೆ ನಿಲ್ಲಲಾರದೆ ಅದು ಮರೆಯಾಯಿತು. 2018ರಲ್ಲಿ ಸಿಯೆರಾ ಲಿಯೋನಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. 2021ರಲ್ಲಿ ಪ್ರಕಟವಾದ ವರದಿಯಂತೆ, ಅದರ ರುಚಿ ಅರಾಬಿಕಕ್ಕೆ ಹತ್ತಿರ. ವರ್ಷದ ಸರಾಸರಿ ಉಷ್ಣಾಂಶ 24.9 ಡಿಗ್ರಿ ಇರುವಲ್ಲಿ ಅದು ಬೆಳೆಯುತ್ತದೆ. ಇದು ಅರಾಬಿಕ ಬಯಸುವುದಕ್ಕಿಂತ 6 ಡಿಗ್ರಿಗೂ ಹೆಚ್ಚು. ಸೆಕೆ ಏರುತ್ತಿರುವ ಈ ಕಾಲದಲ್ಲಿ ತಳಿ ಬೆಳೆಸುವವರಿಗೆ ಇದು ಸಣ್ಣ ವಿಷಯವಲ್ಲ. ಬಹುಕಾಲ ಅದನ್ನು ಯಾರೂ ಗಮನಿಸದಿದ್ದುದಕ್ಕೆ ಅದರಲ್ಲಿ ಗುಣವಿಲ್ಲ ಎಂಬುದು ಕಾರಣವಾಗಿರಲಿಲ್ಲ, ಕೇಳಿದವರಿರಲಿಲ್ಲ, ಅಷ್ಟೆ.

ಎರಡು ವಸ್ತುಗಳು: ಕೆಫೀನ್ ಮತ್ತು ಅರೆಕೊಲಿನ್

ಈಗ ಬೆಳೆಗಾರರ ಮನಸ್ಸಿಗೆ ಹತ್ತಿರವಾದ, ಆದರೆ ಮಾತನಾಡಲು ಹಿಂಜರಿಯುವ ವಿಷಯಕ್ಕೆ ಬರೋಣ. ಕಾಫಿಯ ಸಾರವಸ್ತು ಕೆಫೀನನ್ನು ಜರ್ಮನಿಯ ರುಂಗೆ ಅವರು 1819ರಲ್ಲಿ ಬೇರ್ಪಡಿಸಿದರು. ಅಡಿಕೆಯ ಅರೆಕೊಲಿನನ್ನು ಯಾನ್ಸ್ ಎಂಬ ರಸಾಯನ ಶಾಸ್ತ್ರಜ್ಞರು 1888ರಲ್ಲಿ ಬೇರ್ಪಡಿಸಿದರು. ಕೆಫೀನ್ ಕಾಫಿ, ಚಹಾ, ಕೋಲಾ ಪಾನೀಯ, ತಲೆನೋವಿನ ಮಾತ್ರೆಗಳಲ್ಲೆಲ್ಲ ಇದೆ. ಶುದ್ಧರೂಪದಲ್ಲಿ ಅಗ್ಗವಾಗಿ ಸಿಗುತ್ತದೆ. ಅದರ ಮೇಲಿನ ಅಧ್ಯಯನ ಅರೆಕೊಲಿನಿನ ಮೇಲಿನದಕ್ಕಿಂತ ಅನೇಕ ಪಟ್ಟು ಹೆಚ್ಚಾಗಿರುವುದು ಆಶ್ಚರ್ಯವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1991ರಲ್ಲಿ ಕಾಫಿಯು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗಿರಬಹುದು ಎಂಬ ವರ್ಗಕ್ಕೆ ಸೇರಿಸಿತು. ಹೆಚ್ಚು ಕಾಫಿ ಕುಡಿಯುವವರಲ್ಲಿ ಸಿಗರೇಟು ಸೇದುವವರೂ ಹೆಚ್ಚು; ಎರಡನ್ನೂ ಬಿಡಿಸಿ ನೋಡುವ ಅಧ್ಯಯನಗಳು ಆಮೇಲೆ ಬಂದವು. 2016ರಲ್ಲಿ 1000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಕಾಫಿಯನ್ನು ಹಾಗೆ ವರ್ಗೀಕರಿಸಲು ಆಧಾರ ಸಾಲದು ಎಂದು ಅದೇ ಸಂಸ್ಥೆ ತಿದ್ದಿತು.

ಇದನ್ನು ಓದಿದ ಅಡಿಕೆ ಬೆಳೆಗಾರರು, ಹೊಗೆಸೊಪ್ಪಿನ ಅಪವಾದವನ್ನು ಅಡಿಕೆಯ ತಲೆಗೆ ಕಟ್ಟಿದ್ದಾರೆ, ಹೆಚ್ಚು ಅಧ್ಯಯನವಾದರೆ ಅಡಿಕೆಯೂ ಹೀಗೆಯೇ ಬಿಡುಗಡೆಯಾಗುತ್ತದೆ ಎಂದು ಹೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ದೇಶದ ಎಲೆಅಡಿಕೆಯಲ್ಲಿ ಹೊಗೆಸೊಪ್ಪು ಬೆರೆತಿರುವುದೇ ಹೆಚ್ಚು. ಎರಡನ್ನೂ ಬಿಡಿಸಿ ನೋಡದೆ ತೀರ್ಮಾನಿಸಲಾಗದು. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಿದ್ದೂ ಆಗಿದೆ. ತೈವಾನಿನಲ್ಲಿ ಸಾಮಾನ್ಯವಾಗಿ ಹೊಗೆಸೊಪ್ಪು ಸೇರಿಸದೆ ಅಡಿಕೆ ಜಗಿಯುತ್ತಾರೆ. ಅಲ್ಲಿಯ ಅಧ್ಯಯನಗಳಲ್ಲಿಯೂ ಬಾಯಿಯ ಕ್ಯಾನ್ಸರಿನ ಸಂಬಂಧ ಕಂಡುಬಂದಿತು. ಬಾಯಿಯ ಒಳಪೊರೆ ಗಡುಸಾಗಿ ಬಾಯಿ ತೆರೆಯಲಾಗದ ರೋಗಕ್ಕೂ ಅಡಿಕೆ ಜಗಿಯುವುದೇ ಕಾರಣವೆಂದು ಸ್ಥಿರಪಟ್ಟಿದೆ. 2003ರಲ್ಲಿ ಆ ಸಂಸ್ಥೆಯ ತಜ್ಞರು ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದರು. 2020ರಲ್ಲಿ ಅರೆಕೊಲಿನನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಕಾರಣವಾಗಿರಬಹುದು ಎಂಬ ವರ್ಗದಲ್ಲಿಟ್ಟರು.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸತಕ್ಕದ್ದು. ಈ ವರ್ಗಗಳು ಹೇಳುವುದು ಸಾಕ್ಷ್ಯ ಎಷ್ಟು ಬಲವಾಗಿದೆ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಆದ್ದರಿಂದ ಒಂದೇ ವರ್ಗದ ಎರಡು ವಸ್ತುಗಳ ಅಪಾಯ ಸಮವೆಂದು ಹೇಳಬಾರದು. ಹಾಗೆಯೇ, ಅಧ್ಯಯನಗಳ ಸಂಖ್ಯೆ ಕಾಫಿಗಿಂತ ಕಡಿಮೆ ಎಂಬುದೊಂದರಿಂದಲೇ ಅಡಿಕೆಯ ಮೇಲಿನ ತೀರ್ಮಾನ ಸಡಿಲವಾಗುವುದಿಲ್ಲ. ಸರಿಯಾದ ಪ್ರಶ್ನೆ ಕೇಳಿದ ಹತ್ತು ಅಧ್ಯಯನಗಳು, ಅಡ್ಡದಾರಿಯ ನೂರಕ್ಕಿಂತ ತೂಕವುಳ್ಳವು. ನಮ್ಮ ಅನ್ನ ಅಡಿಕೆಯಿಂದ ಬರುತ್ತದೆ ಎಂಬ ಕಾರಣಕ್ಕೆ ಈ ವಿಷಯವನ್ನು ಮುಚ್ಚಿಡುವುದು ನಮ್ಮ ಮಕ್ಕಳಿಗೂ ಕೂಲಿಯವರಿಗೂ ಮಾಡುವ ಅನ್ಯಾಯ. ಬೆಲೆಯ ಏರಿಳಿತಕ್ಕೆ ಹೇಗೋ ಹಾಗೆಯೇ ಇದಕ್ಕೂ ಸಿದ್ಧರಾಗಿ, ಒಂದೇ ಬೆಳೆಯನ್ನು ನಂಬಿ ಕೂರದೆ, ತೋಟದಲ್ಲಿ ಮೆಣಸು, ಕೋಕೋ, ಬಾಳೆ, ಜಾಯಿಕಾಯಿಗಳಿಗೂ ಸ್ಥಳ ಮಾಡಿಕೊಳ್ಳುವುದು ವಿವೇಕ.

ಸಂಶೋಧನೆಯ ಸುದ್ದಿ ಓದುವಾಗ ಕೇಳಬೇಕಾದ ಪ್ರಶ್ನೆಗಳು

1. ಇದು ಯಾವ ಜೀವಿಯನ್ನು, ಯಾವ ವಸ್ತುವನ್ನು ಕುರಿತದ್ದು? ಹೆಸರು ಒಂದೇ ಎಂದು ವಿಷಯವೂ ಒಂದೇ ಎಂದು ತಿಳಿಯಬಾರದು.

2. ಎಲ್ಲಿ ನಡೆದ ಅಧ್ಯಯನ? ಪ್ರಯೋಗಶಾಲೆಯಲ್ಲಿಯೇ, ತೋಟದಲ್ಲಿಯೇ? ಆ ತೋಟದ ಮಳೆ, ಮಣ್ಣು, ನೆರಳು ನಮ್ಮದಕ್ಕೆ ಹತ್ತಿರವೇ?

3. ಯಾವ ಪ್ರಶ್ನೆ ಕೇಳಲಾಗಿತ್ತು? ಇಳುವರಿಯ ಅಧ್ಯಯನದಿಂದ ರೋಗದ ಉತ್ತರವನ್ನು ತೆಗೆಯಲಾಗದು.

4. ಅಧ್ಯಯನ ಇಲ್ಲ ಎಂದರೆ, ಹುಡುಕಿ ಸಿಗಲಿಲ್ಲವೋ, ಹುಡುಕಲೇ ಇಲ್ಲವೋ? ಇವೆರಡಕ್ಕೂ ಅಜಗಜಾಂತರ.

5. ಏನೂ ಪರಿಣಾಮ ಕಾಣಲಿಲ್ಲ ಎಂಬ ಫಲಿತಾಂಶಗಳೂ ಲೆಕ್ಕಕ್ಕೆ ಬಂದಿವೆಯೇ? ಇಂಥವು ಅಚ್ಚಾಗುವುದು ಕಡಿಮೆ. ಹೀಗಾಗಿ ಫಲ ಕೊಟ್ಟ ಪ್ರಯೋಗಗಳೇ ಎದ್ದು ಕಾಣುತ್ತವೆ.

ಬೆಳೆಗಾರರು ಮಾಡಬಹುದಾದ ಕೆಲಸ

ಕಡಿಮೆ ಅಧ್ಯಯನವಾದ ಬೆಳೆಯನ್ನು ಬೆಳೆಯುವವರ ಮೇಲೆ ಒಂದು ಹೆಚ್ಚಿನ ಹೊಣೆ ಇದೆ. ವಿಟ್ಲದಲ್ಲಿಯೂ ಬಾಳೆಹೊನ್ನೂರಿನಲ್ಲಿಯೂ ವಿಜ್ಞಾನಿಗಳು ಎಷ್ಟೇ ದುಡಿದರೂ ಪ್ರತಿಯೊಂದು ಕಣಿವೆಯ ತೋಟವನ್ನೂ ಅವರು ನೋಡಲಾರರು. ನಾವು ಇಟ್ಟ ದಾಖಲೆ ಅವರಿಗೆ ಕಣ್ಣಾಗಬಲ್ಲದು. ಇದಕ್ಕೆ ಖರ್ಚೇನೂ ಇಲ್ಲ. ಒಂದು ನೋಟುಪುಸ್ತಕ, ಒಂದು ಮಳೆಮಾಪಕ ಸಾಕು.

ದಿನದ ಮಳೆ, ಸಿಂಪರಣೆಯ ದಿನಾಂಕ, ಮೊದಲ ಕೊಳೆಕಾಯಿ ಉದುರಿದ ದಿನ, ಇಷ್ಟನ್ನು ತಪ್ಪದೆ ಬರೆಯಬೇಕು. ರೋಗ ಕಂಡ ಮರಗಳನ್ನು ಮಾತ್ರ ಎಣಿಸಬಾರದು. ಪ್ರತಿ 10ನೆಯ ಸಾಲಿನ ಪ್ರತಿ 10ನೆಯ ಮರ ಎಂಬಂತೆ ಮೊದಲೇ ಗುರುತು ಹಾಕಿ, ರೋಗವಿರಲಿ ಇಲ್ಲದಿರಲಿ, ವಾರಕ್ಕೊಮ್ಮೆ ಅವನ್ನೇ ನೋಡಬೇಕು. ರೋಗ ಕಾಣದ ವಾರಕ್ಕೆ ಸೊನ್ನೆ ಬರೆಯಬೇಕು. ಆ ಸೊನ್ನೆಯಿಲ್ಲದ ಪುಸ್ತಕ, ಹಿತ್ತಲಿನ ತೋಟವನ್ನು ಮಾತ್ರ ನೋಡಿದವನ ಪುಸ್ತಕದಂತೆ ದಾರಿ ತಪ್ಪಿಸುತ್ತದೆ. ಎರಡು ಬಗೆಯ ಸಿಂಪರಣಾ ಕ್ರಮವನ್ನು ಹೋಲಿಸಬೇಕೆಂದರೆ ಒಂದೇ ತಗ್ಗಿನ, ಒಂದೇ ವಯಸ್ಸಿನ ಮರಗಳನ್ನು ಎರಡು ಪಾಲು ಮಾಡಿಕೊಳ್ಳಬೇಕು. ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ಹೋಲಿಕೆ ಸಲ್ಲದು. ಕಾಫಿಯವರು ಕಾಂಡಕೊರಕ ಹಿಡಿದ ಗಿಡ ಕಿತ್ತಾಗ, ಗಿಡದ ವಯಸ್ಸು ಮತ್ತು ಅಲ್ಲಿಯ ನೆರಳು ಎಷ್ಟು ಎಂಬುದನ್ನು ಬರೆದಿಟ್ಟರೆ ಮೂರು ನಾಲ್ಕು ವರ್ಷಗಳಲ್ಲಿ ತಮ್ಮ ತೋಟದ ದುರ್ಬಲ ಜಾಗ ತಮಗೇ ತಿಳಿಯುತ್ತದೆ.

ಒಬ್ಬರ ಪುಸ್ತಕದಿಂದ ಆಗುವ ಪ್ರಯೋಜನ ಸ್ವಲ್ಪ. ಒಂದೇ ಊರಿನ ಹತ್ತು ಸದಸ್ಯರು ಒಂದೇ ಕ್ರಮದಲ್ಲಿ ಬರೆದಿಟ್ಟರೆ, ಸಂಶೋಧನಾ ಕೇಂದ್ರದವರು ಬಂದಾಗ ಅವರ ಮುಂದಿಡಲು ಆಧಾರ ಸಿದ್ಧವಿರುತ್ತದೆ. ಸಹಕಾರದಿಂದ ಅಡಿಕೆ ಮಾರಲು ಕಲಿತಂತೆಯೇ ಸಹಕಾರದಿಂದ ಎಣಿಸಲೂ ಕಲಿಯಬಹುದು. ಈ ಮುಂಗಾರಿನಿಂದಲೇ ಆರಂಭಿಸಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.